ಗುಬ್ಬಿಯ ಹಳಿ, ಲಂಡನ್ನಿನ ಲೆಕ್ಕ: ಬ್ರಿಟಿಷ್ ಕಂಪನಿ ಚರಿತ್ರೆಗಳ ಓದು

ಬ್ರಿಟಿಷ್ ವ್ಯಾಪಾರಿ ಸಂಸ್ಥೆಗಳ ಚರಿತ್ರೆಗಳಲ್ಲಿ ಹೆಚ್ಚಿನವು ಆಯಾ ಸಂಸ್ಥೆಗಳೇ ಬರೆಸಿದವು. ನೂರೋ ನೂರೈವತ್ತೋ ವರ್ಷ ತುಂಬಿದಾಗ ಆಡಳಿತ ಮಂಡಳಿ ಒಬ್ಬ ಲೇಖಕನನ್ನು ಗೊತ್ತುಮಾಡಿ ಕಚೇರಿಯ ಕಪಾಟಿನ ಬೀಗ ತೆಗೆಸುತ್ತದೆ. ದಕ್ಷಿಣ ಭಾರತದ ಮಟ್ಟಿಗೆ ಈ ಜಾತಿಯ ಎರಡು ಪುಸ್ತಕಗಳನ್ನು ಹೆಸರಿಸಬಹುದು. ಮದರಾಸಿನ ಪ್ಯಾರಿ ಕಂಪನಿಯ ಮೇಲೆ ಹಿಲ್ಟನ್ ಬ್ರೌನ್ ಬರೆದ ‘ಪ್ಯಾರೀಸ್ ಆಫ್ ಮದ್ರಾಸ್’ (1954) ಒಂದು. ಕಾಫಿ ವಹಿವಾಟಿನಿಂದ ಮಂಗಳೂರು, ಕಲ್ಲಿಕೋಟೆಗಳಲ್ಲಿ ಬೇರೂರಿದ ಪಿಯರ್ಸ್ ಲೆಸ್ಲಿ ಕಂಪನಿಯ ಮೇಲೆ ಲ್ಯಾಂಗ್ಲಿ ಸಿದ್ಧಪಡಿಸಿದ ‘ಸೆಂಚುರಿ ಇನ್ ಮಲಬಾರ್’ (1962) ಇನ್ನೊಂದು. ಬ್ರೌನ್ ಮದರಾಸು ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದವನು, ಕಾದಂಬರಿಕಾರನೂ ಹೌದು. ಅದೇ 1954ರಲ್ಲಿ ಚಾರ್ಲ್ಸ್ ವಿಲ್ಸನ್ ಬರೆದ ಯೂನಿಲಿವರ್ ಚರಿತ್ರೆಯ ಎರಡು ಸಂಪುಟಗಳು ಬಂದವು. ವೃತ್ತಿಪರ ಇತಿಹಾಸಕಾರನೊಬ್ಬ ಕಂಪನಿಯ ಕಾಗದಪತ್ರಗಳನ್ನು ವಿದ್ವತ್ತಿನ ಶಿಸ್ತಿನಿಂದ ನೋಡಿದ ಮಾದರಿ ಕೃತಿಯೆಂದು ಅದಕ್ಕೆ ಹೆಸರು. ಆದರೂ ಬರೆಸಿದ್ದು ಕಂಪನಿಯೇ.

ಬದುಕಿ ಉಳಿದ ಸಂಸ್ಥೆಗೆ ಮಾತ್ರ ಶತಮಾನೋತ್ಸವ ಉಂಟು, ಪುಸ್ತಕವೂ ಉಂಟು. ಮದರಾಸಿನ ಅರ್ಬತ್‌ನಾಟ್ ಕಂಪನಿ 1906ರಲ್ಲಿ ದಿವಾಳಿಯಾಗಿ ಸಾವಿರಾರು ಠೇವಣಿದಾರರ ಹಣ ಮುಳುಗಿತು, ಅದರ ಮುಖ್ಯಸ್ಥ ಜೈಲು ಸೇರಿದ. ಅದೇ ಬಿರುಗಾಳಿಗೆ ಸಿಕ್ಕಿ ತತ್ತರಿಸಿದ ಬಿನ್ನಿ ಕಂಪನಿ ಮುಂದೆ ಲಾರ್ಡ್ ಇಂಚ್‌ಕೇಪ್ ಆದ ಜೇಮ್ಸ್ ಮ್ಯಾಕೆಯ ಆಸರೆಯಿಂದ ಉಳಿದುಕೊಂಡಿತು. ಗೆದ್ದವರ ಪುಸ್ತಕಗಳನ್ನಷ್ಟೇ ಸಾಲಾಗಿ ಓದಿದವರಿಗೆ ಆ ಕಾಲದ ವ್ಯಾಪಾರ ಇದ್ದದ್ದಕ್ಕಿಂತ ಬಹಳ ಭದ್ರವಾಗಿತ್ತೆನಿಸಿದರೆ ಆಶ್ಚರ್ಯವಿಲ್ಲ.

ತಯಾರಿಕಾ ಸಂಸ್ಥೆಗಳ ಚರಿತ್ರೆಯ ಜಾಡು ಬೇರೆ. ಅಲ್ಲಿ ಮಾಲೀಕರ ವಂಶಾವಳಿಗಿಂತ ಯಂತ್ರಗಳ ಪಟ್ಟಿಗೆ ಬೆಲೆ ಹೆಚ್ಚು. ಹ್ಯೂ ಹ್ಯೂಸ್ ಭಾರತದ ಮೀಟರ್ ಗೇಜ್ ಎಂಜಿನ್‌ಗಳ ಬಗ್ಗೆ ಮಾಡಿದಂಥ ಪುಸ್ತಕಗಳು ಗ್ಲಾಸ್ಗೋ, ಮ್ಯಾಂಚೆಸ್ಟರ್‌ಗಳ ಕಾರ್ಖಾನೆಗಳಿಂದ ಬಂದ ಎಂಜಿನ್‌ಗಳನ್ನು ವರ್ಗ ವರ್ಗವಾಗಿ ಬಿಡಿಸಿಡುತ್ತವೆ. ಹಳೆಯ ಮಾರ್ಗಗಳ ಹಳಿಗಳ ಪಕ್ಕೆಯಲ್ಲಿ ಉಕ್ಕಿನ ಕಾರ್ಖಾನೆಯ ಹೆಸರೂ ವರ್ಷವೂ ಉಬ್ಬಕ್ಷರದಲ್ಲಿ ಇರುತ್ತಿದ್ದವು. ಅಂಥ ತುಂಡುಗಳನ್ನು ಮುಂದೆ ನಿಲ್ದಾಣದ ಬೇಲಿಗೆ ಕಂಬವಾಗಿ ನೆಟ್ಟದ್ದೂ ಉಂಟು. ಪಟ್ಟಿಕಾರರ ಶ್ರದ್ಧೆ ದೊಡ್ಡದು. ಅವರ ಮಾಹಿತಿಯನ್ನು ನಂಬಿ ನಡೆಯಬಹುದು. ಆದರೆ ಹಳಿ ಕಾರ್ಖಾನೆಯ ಗೇಟು ದಾಟಿ ಎಲ್ಲಿಗೆ ಹೋಯಿತು, ಅದರ ದುಡ್ಡು ಯಾರು ಕೊಟ್ಟರು ಎಂದು ಕೇಳಿದರೆ ಪಟ್ಟಿಯಲ್ಲಿ ಉತ್ತರವಿಲ್ಲ.

ತುಮಕೂರು ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬಹುದು. ಬೆಂಗಳೂರಿನಿಂದ ತುಮಕೂರು ಮಾರ್ಗವಾಗಿ ಗುಬ್ಬಿಗೆ ರೈಲು ಬಂದದ್ದು 1884ರಲ್ಲಿ. 1882ರಲ್ಲಿ ಮುಗಿದ ಬೆಂಗಳೂರು–ಮೈಸೂರು ಮಾರ್ಗವೂ ಸೇರಿ ಆಗ ಮೈಸೂರು ಸಂಸ್ಥಾನದ ಸ್ವಂತ ಹಳಿ ಸುಮಾರು 140 ಮೈಲಿ ಇತ್ತು. ಇಷ್ಟನ್ನೂ ಹಾಕಿಸಿದ್ದು ಮೈಸೂರು ಸರ್ಕಾರ. 1876–78ರ ಬರದ ಸಾಲ 80 ಲಕ್ಷ ರೂಪಾಯಿ ತಲೆಯ ಮೇಲಿರುವಾಗಲೇ ದಿವಾನ್ ರಂಗಾಚಾರ್ಲು ರೈಲಿನ ಕೆಲಸ ಮುಂದುವರಿಸಿದ್ದರು. ಶೇಷಾದ್ರಿ ಅಯ್ಯರ್ ದಿವಾನರಾದ ಮೇಲೆ, 1886ರಲ್ಲಿ, ಮಾರ್ಗ ಸದರ್ನ್ ಮರಾಠ ರೈಲ್ವೆ ಕಂಪನಿಯ ಕೈಗೆ ಹೋಯಿತು. 1882ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಕಂಪನಿಯ ಇಲ್ಲಿನ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ, ಈಗ ಕರ್ನಾಟಕ ಕಾಲೇಜು ಇರುವ ಕಟ್ಟಡದಲ್ಲಿ. ಗುಬ್ಬಿಯಿಂದ ಮುಂದೆ ಹರಿಹರದವರೆಗೆ ಹಳಿ ಮುಟ್ಟಿದ್ದು 1889ರಲ್ಲಿ.

ಕಂಪನಿ ಲಂಡನ್ನಿನಲ್ಲಿ ಶೇಕಡಾ 4ರ ಬಡ್ಡಿಗೆ 12 ಲಕ್ಷ ಪೌಂಡ್ ಸಾಲ ಎತ್ತಿತು. ಬಡ್ಡಿಯ ಹೊರೆ ಮೈಸೂರಿನದು. ವರ್ಷಕ್ಕೆ 48,000 ಪೌಂಡ್ ಎಂದಾಯಿತು. 1886ರ ಹೊತ್ತಿಗೆ ಒಂದು ರೂಪಾಯಿಗೆ ಸುಮಾರು ಹದಿನೇಳೂವರೆ ಪೆನ್ನಿ ಸಿಗುತ್ತಿತ್ತು, 1893ರ ವೇಳೆಗೆ ಹದಿನೈದಕ್ಕೆ ಇಳಿದಿತ್ತು. ಮಾರುಕಟ್ಟೆಯ ಈ ದರದಲ್ಲಿ ಗುಣಿಸಿದರೆ ಮೊದಲು 6.6 ಲಕ್ಷ ರೂಪಾಯಿಯಷ್ಟಿದ್ದ ಬಡ್ಡಿ ಏಳು ವರ್ಷದಲ್ಲಿ 7.7 ಲಕ್ಷದ ಹತ್ತಿರ ಬರುತ್ತದೆ. ಲಂಡನ್ನಿನ ಪುಸ್ತಕದಲ್ಲಿ ಎರಡೂ ವರ್ಷ 48,000 ಪೌಂಡೇ. ಪೌಂಡಿನಲ್ಲಿ ಬರೆದ ಕಂಪನಿ ಚರಿತ್ರೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮೈಸೂರಿನ ಈ ಹೆಚ್ಚುವರಿ ಹೊರೆ ಅದಕ್ಕೆ ಕಾಣುವುದಿಲ್ಲ. ಇಂಥ ಚರಿತ್ರೆಗಳ ನಿಜವಾದ ದೋಷ ಇಲ್ಲಿದೆ, ಅವುಗಳ ಹೊಗಳಿಕೆಯಲ್ಲಿ ಅಲ್ಲ. ಹೊಗಳಿಕೆ ಎದ್ದು ಕಾಣುತ್ತದೆ, ಓದುಗ ಅದನ್ನು ತಾನೇ ಸೋಸಿಕೊಳ್ಳಬಲ್ಲ. ಲೆಕ್ಕದ ಪುಸ್ತಕದ ಆಚೆ ಉಳಿದದ್ದನ್ನು ಸೋಸುವುದು ಹೇಗೆ?

ಅದಕ್ಕೆ ಬೇರೆ ಕಾಗದ ಬೇಕು. 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ವರ್ಷವರ್ಷವೂ ಮಾಡಿದ ಭಾಷಣಗಳು, ರೈಸ್ ಮತ್ತು ಹಯವದನರಾಯರ ಗೆಜೆಟಿಯರುಗಳು ಆ ಕೆಲಸಕ್ಕೆ ಒದಗುತ್ತವೆ. ಅವುಗಳಲ್ಲಿ ಗುಬ್ಬಿ ಬರಿಯ ನಿಲ್ದಾಣವಲ್ಲ, ರೈಲಿಗೆ ಬಹಳ ಮೊದಲೇ ಹೆಸರಾದ ಪೇಟೆ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಗುಬ್ಬಿಯ ವ್ಯಾಪಾರವನ್ನು ಗುರುತಿಸಿದ್ದಾನೆ. ಕಂಪನಿ ಪೇಟೆಯನ್ನು ಹುಟ್ಟಿಸಲಿಲ್ಲ, ಇದ್ದ ಪೇಟೆಗೆ ಬಂದು ಸೇರಿತು.

ಗುಬ್ಬಿಗೆ ರೈಲು ಬಂದ ವರ್ಷವೇ ಅಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಅದರ ಚರಿತ್ರೆ ಮುಂದೆ ಅದರ ಮಾಲೀಕರಾದ ಗುಬ್ಬಿ ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ದ ಮೂಲಕ ಕನ್ನಡಿಗರಿಗೆ ರೈಲ್ವೆ ಕಂಪನಿಯದ್ದಕ್ಕಿಂತ ಚೆನ್ನಾಗಿ ಗೊತ್ತು. ಅದೂ ಮಾಲೀಕರೇ ಹೇಳಿದ ಕಂಪನಿ ಚರಿತ್ರೆ ಎಂಬುದನ್ನು ಅಭಿಮಾನದಲ್ಲಿ ಮರೆಯುವ ಹಾಗಿಲ್ಲ.

ಇನ್ನೊಂದು ಕೊರತೆ ದುಡಿದವರದು. ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯೂ 1884ರದೇ. ಎರಡು ವರ್ಷದಲ್ಲಿ ಅದು ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಜನರ ಬಾಯಲ್ಲಿ ಬಿನ್ನಿ ಮಿಲ್ಲಾಯಿತು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಕೋಲಾರದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕಾರ್ಮಿಕರನ್ನು ಚರಿತ್ರೆಯ ನಡುವಿಗೆ ತಂದ ಕೃತಿ. ಇದನ್ನು ಪಕ್ಕದಲ್ಲಿಟ್ಟುಕೊಂಡರೆ ಶತಮಾನೋತ್ಸವದ ಪುಸ್ತಕಗಳು ತೀರಾ ಸಪ್ಪೆ. ಹಾಗೆಂದು ಅವುಗಳನ್ನು ಮೂಲೆಗೆ ತಳ್ಳುವಂತಿಲ್ಲ. ಕಂಪನಿಗಳು ಕೈ ಬದಲಾದಾಗ, ಕಟ್ಟಡಗಳು ಮಾರಾಟವಾದಾಗ ಹಳೆಯ ಕಾಗದ ರದ್ದಿಗೆ ಹೋಗುವುದು ಮಾಮೂಲು. ಕಾಗದ ಹೋದ ಮೇಲೆ ಅದನ್ನು ಒಮ್ಮೆ ಓದಿ ಬರೆದವನ ಪುಸ್ತಕವೇ ಆಧಾರವಾಗುತ್ತದೆ. ಲಂಡನ್ನಿನಲ್ಲಿ 1934ರಲ್ಲೇ ವ್ಯಾಪಾರಿ ದಾಖಲೆಗಳ ರಕ್ಷಣೆಗೆಂದು ಬಿಸಿನೆಸ್ ಆರ್ಕೈವ್ಸ್ ಕೌನ್ಸಿಲ್ ಹುಟ್ಟಿಕೊಂಡದ್ದು ಈ ಆತಂಕದಿಂದ.

ಕಂಪನಿ ಹೋಗದ ಊರುಗಳಂತೂ ಈ ಚರಿತ್ರೆಗಳಲ್ಲಿ ಬರುವುದೇ ಇಲ್ಲ. ಕುಣಿಗಲ್ ಬೆಂಗಳೂರಿಗೆ ತುಮಕೂರಿನಷ್ಟೇ ಸಮೀಪ. ಕುದುರೆ ಫಾರ್ಮಿನಿಂದಾಗಿ ಟಿಪ್ಪುವಿನ ಕಾಲದಿಂದಲೂ ಸರ್ಕಾರಗಳಿಗೆ ಬೇಕಾದ ಊರು. ಸದರ್ನ್ ಮರಾಠ ಕಂಪನಿಯ ಕಣ್ಣಿದ್ದದ್ದು ಹುಬ್ಬಳ್ಳಿ ಮತ್ತು ಮರ್ಮಗೋವಾ ಬಂದರಿನ ದಿಕ್ಕಿಗೆ, ಹಾಗಾಗಿ ಸರ್ಕಾರ ಗುಬ್ಬಿಯವರೆಗೆ ಹಾಕಿಸಿದ್ದ ಹಳಿಯನ್ನೇ ಅದು ಮುಂದುವರಿಸಿತು, ಕುಣಿಗಲ್ ಆ ಹಾದಿಗೆ ಬೀಳಲಿಲ್ಲ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿಹೋಯಿತು, 1938ರಲ್ಲಿ ಮಾರ್ಗ ಮೈಸೂರಿಗೆ ಮರಳಿತು, 1990ರ ದಶಕದಲ್ಲಿ ಅದರ ಮೀಟರ್ ಗೇಜ್ ಹಳಿಗಳೂ ಎದ್ದುಹೋದವು. ಕುಣಿಗಲ್ ಮೂಲಕ ಬೆಂಗಳೂರು–ಹಾಸನ ಮಾರ್ಗ ಪೂರ್ತಿಯಾದದ್ದು 2017ರಲ್ಲಿ, ಗುಬ್ಬಿಗೆ ರೈಲು ಬಂದ 133 ವರ್ಷಗಳ ನಂತರ. ಈ ಅಂತರಕ್ಕೆ ಕಂಪನಿಯ ತೀರ್ಮಾನವೂ ಒಂದು ಕಾರಣ. ಆದರೆ ಕಂಪನಿ ಚರಿತ್ರೆಗಳ ಸೂಚಿಯಲ್ಲಿ ಹುಡುಕಬೇಕಾದ ಹೆಸರು ಕುಣಿಗಲ್ ಎಂದು, ತುಮಕೂರಿನ ಓದುಗನಲ್ಲದೆ ಬೇರೆಯವರಿಗೆ ಹೊಳೆಯುವುದು ಕಷ್ಟ.