ಅಂಚಿಗೆ ಬಿದ್ದ ಏಟು

ಹೊಸೂರಿನ ಕಚೇರಿಗಳಲ್ಲಿ ಶುರುವಿಗೆ ಮುನ್ನ ಮೃದಂಗದವರು ಶ್ರುತಿ ಮಾಡಲು ಕಲ್ಲೂ ಮರದ ತುಂಡೂ ಹಿಡಿದು ಚರ್ಮದ ಮುಚ್ಚಿಗೆಯ ಅಂಚು ತಟ್ಟುತ್ತಾರಲ್ಲ, ನನಗೆ ಅದೇ ಅರ್ಧ ಕಚೇರಿ. ಅಂಚಿನ ಹೆಣಿಗೆಯ ಒಂದು ಕಡೆ ಬಿಗಿ ತುಸು ಸಡಿಲಾದರೂ ಸಾಕು, ಒಂದೇ ಆವರ್ತಾಂಕದಲ್ಲಿ ಜೊತೆಗಿದ್ದ ಎರಡು ಕಂಪನಗಳು ಬೇರೆಯಾಗಿ ನಾದ ವೋಂ ವೋಂ ಎಂದು ಅಲೆಯುತ್ತದೆ. ಆವರ್ತಾಂಕವನ್ನು ಗೊತ್ತುಮಾಡುವ ಐಗನ್‌ಮೌಲ್ಯ ಒಡೆಯಿತು ಎನ್ನುತ್ತಾರೆ ಗಣಿತದವರು. ಒಡೆದದ್ದು ಎಲ್ಲಿ ಎಂದೂ ವಾದಕರ ಕಿವಿ ಹೇಳುತ್ತದೆ! ಹೆಣಿಗೆಯನ್ನು ಕೆಳಕ್ಕೆ ತಟ್ಟಿದರೆ ಶ್ರುತಿ ಏರುತ್ತದೆ, ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ. ಹೀಗೆ ಸುತ್ತಲೂ, ಚಾಪು ಎಂಬ ಏಟಿನ ನಾದ ಎಲ್ಲೆಡೆ ಒಂದಾಗುವವರೆಗೆ.

ಮುಚ್ಚಿಗೆಯ ನಡುವಿನ ಕಪ್ಪು ಕರಣೆಯಿಂದ ಒಂಬತ್ತು ಕಂಪನಗಳು ಐದು ಸುಸಂಗತ ಸ್ವರಗಳಾಗಿ ಕೂಡುತ್ತವೆಂದು ಸಿ.ವಿ. ರಾಮನ್ 1934ರಲ್ಲಿ ತೋರಿಸಿದರು. ಅಂಚು ಸಮವಿಲ್ಲದಿದ್ದರೆ ಕರಣೆಯೂ ಸೋಲುತ್ತದೆ. ಮುಂದಿನ ಸಲ ಕಚೇರಿಗೆ ಸ್ವಲ್ಪ ಮೊದಲೇ ಹೋಗಿ ಕೂತುಕೊಳ್ಳಿ.