ಮೊದಲು ಗಂತಿಗೆ ಹೋಗಿ: ಹೊಸ ಕಂಬಳ ರಸಿಕರಿಗೊಂದು ಕೈಪಿಡಿ

ಒಂದು ಜೊತೆ ಕೋಣ ಕೆಸರುಗದ್ದೆಯ ಈ ತುದಿಯಿಂದ ಆ ತುದಿ ಮುಟ್ಟಲು ಹನ್ನೆರಡು ಹದಿಮೂರು ಸೆಕೆಂಡು ಸಾಕು. ಆ ಓಟ ಸರಿಯಾಗಿ ನಡೆಯಿತೇ ಇಲ್ಲವೇ ಎಂಬ ವಾದಕ್ಕೆ ಮಾತ್ರ ವಾರವೂ ಸಾಲದು. ಕಾಪು ಪೇಟೆಯ ಹೋಟೆಲಿನಲ್ಲಿ, ಕಾರ್ಕಳದ ಬಸ್‌ ನಿಲ್ದಾಣದಲ್ಲಿ, ಉಡುಪಿಯ ಕಚೇರಿಗಳ ಚಹಾ ವಿರಾಮದಲ್ಲಿ ಸೋಮವಾರವಿಡೀ ಅದೇ ಮಾತು. ಮಣಿಪಾಲಕ್ಕೆ ಓದಲು ಬಂದವರು, ಕೆಲಸಕ್ಕೆಂದು ಘಟ್ಟ ಇಳಿದು ಬಂದವರು, 2022ರಲ್ಲಿ ‘ಕಾಂತಾರ’ ನೋಡಿ ಆಸೆ ಹುಟ್ಟಿದವರು ಈಗ ಕಂಬಳದ ಗದ್ದೆಯತ್ತ ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದಾರೆ. ನೀರು ಚಿಮ್ಮುವ ಫೋಟೊ ತೆಗೆದು, ಚರುಂಬುರಿ ತಿಂದು, ಎರಡು ಗಂಟೆಯಲ್ಲಿ ವಾಪಸಾಗುತ್ತಾರೆ. ತಪ್ಪೇನಿಲ್ಲ. ಆದರೆ ಪಕ್ಕದಲ್ಲಿ ನಿಂತ ಹಿರಿಯರು ಯಾಕೆ ತಲೆಯಾಡಿಸಿದರು, ಯಾಕೆ ಗೊಣಗಿದರು ಎಂಬುದು ತಿಳಿಯದೆ ಹೋದರೆ ಅರ್ಧ ಕಂಬಳ ತಪ್ಪಿದಂತೆ. ಈ ಕೈಪಿಡಿ ಆ ಉಳಿದರ್ಧದ ಬಗ್ಗೆ.

ಜಾಗದ ಪರಿಚಯ

ಕೆಸರುಗದ್ದೆಯಲ್ಲಿ ಸಿದ್ಧಪಡಿಸಿದ ಓಟದ ದಾರಿಯೇ ಕರೆ. ಹಳೆಯ ಸಾಂಪ್ರದಾಯಿಕ ಕಂಬಳಗಳಲ್ಲಿ ಒಂದೇ ಗದ್ದೆ, ಒಂದರ ನಂತರ ಒಂದು ಜೊತೆ. ದೈವದ ಕಟ್ಟುಕಟ್ಟಳೆಯೇ ಅಲ್ಲಿ ಮುಖ್ಯ, ಗೆಲುವು ಸೋಲು ಆಮೇಲೆ. ಇಂದು ಜನ ಸೇರುವುದು ಹೆಚ್ಚಾಗಿ ಜೋಡುಕರೆ ಕಂಬಳಗಳಿಗೆ. ಅಕ್ಕಪಕ್ಕ ಎರಡು ಕರೆ, ಏಕಕಾಲಕ್ಕೆ ಎರಡು ಜೊತೆ. ಕರೆಗಳಿಗೂ ಜೋಡಿ ಹೆಸರು: ಕಾರ್ಕಳದ ಮಿಯಾರಿನಲ್ಲಿ ಲವ-ಕುಶ, ಕಾಪು ತಾಲ್ಲೂಕಿನ ಅಡ್ವೆ ನಂದಿಕೂರಿನಲ್ಲಿ ಕೋಟಿ-ಚೆನ್ನಯ, ಕಟಪಾಡಿಯಲ್ಲಿ ಮೂಡು-ಪಡು.

ಓಟ ಶುರುವಾಗುವ ತುದಿಗೆ ಗಂತು ಎನ್ನುತ್ತಾರೆ, ಮುಗಿಯುವ ತುದಿಗೆ ಮಂಜೊಟ್ಟಿ. ಹೊಸಬರೆಲ್ಲ ಮಂಜೊಟ್ಟಿಯ ಕಡೆ ಓಡುತ್ತಾರೆ. ಕ್ಯಾಮೆರಾಗಳೂ ಅಲ್ಲೇ, ಕೇಕೆಯೂ ಅಲ್ಲೇ. ನನ್ನ ಸಲಹೆ: ಮೊದಲ ಒಂದು ಗಂಟೆ ಗಂತಿನ ಹತ್ತಿರ ಕಳೆಯಿರಿ. ಕಂಬಳದಲ್ಲಿ ನ್ಯಾಯ ಅನ್ಯಾಯದ ಬಹುಪಾಲು ವ್ಯವಹಾರ ನಡೆಯುವುದು ಅಲ್ಲಿ. ಯಾಕೆ ಎಂಬುದಕ್ಕೆ ಆಮೇಲೆ ಬರೋಣ.

ಆರು ವಿಭಾಗ, ಎರಡು ಬಗೆಯ ತೀರ್ಪು

ಮೈಕಿನಲ್ಲಿ ಕೇಳುವ ಹೆಸರುಗಳು ಇವು: ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಎಳೆಯ ಕೋಣಗಳಿಗಾಗಿ ಈಚೆಗೆ ಸಬ್‌ ಜೂನಿಯರ್‌ ಕೂಡ ಸೇರಿದೆ. ನೇಗಿಲಿನಲ್ಲಿ ಕೋಣಗಳ ಹಿಂದೆ ಹಗುರವಾದ ನೇಗಿಲಿನಾಕಾರದ ಮರ. ಕಲಿಯುವ ಜೊತೆಗಳು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತವೆ. ಹಗ್ಗದಲ್ಲಿ ಮರದ ತುಂಡೂ ಇಲ್ಲ. ನೊಗದಿಂದ ಬಂದ ಹಗ್ಗವೊಂದೇ ಓಟಗಾರನ ಕೈಯಲ್ಲಿ. ಅನುಭವಿ ಕೋಣ, ಅನುಭವಿ ಓಟಗಾರ ಇಬ್ಬರೂ ಬೇಕು. ಅಡ್ಡಹಲಗೆಯಲ್ಲಿ ಅಡ್ಡಲಾಗಿ ಕಟ್ಟಿದ ಹಲಗೆಯ ಮೇಲೆ ಓಟಗಾರನ ಭಾರ. ಈ ಎಲ್ಲದರಲ್ಲೂ ಮೊದಲು ಮುಟ್ಟಿದವರಿಗೆ ಗೆಲುವು.

ಕನೆಹಲಗೆ ಮಾತ್ರ ಬೇರೆ ಜಾತಿ. ಅಲ್ಲಿ ವೇಗದ ಲೆಕ್ಕವೇ ಇಲ್ಲ. ರಂಧ್ರವಿರುವ ದಪ್ಪ ಮರದ ತುಂಡಿನ ಮೇಲೆ ಓಟಗಾರ ಒಂದು ಕಾಲಿಟ್ಟು ನಿಲ್ಲುತ್ತಾನೆ. ಕೋಣಗಳು ಓಡಿದಂತೆ ಆ ರಂಧ್ರದಿಂದ ನೀರು ಕಾರಂಜಿಯಂತೆ ಮೇಲಕ್ಕೆ ನುಗ್ಗುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯೇ ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ ಹೇಳುತ್ತಾರೆ. ನೀರು ನಿಶಾನೆಗೆ ತಾಗಿತೇ ಎಂಬುದಷ್ಟೇ ಪ್ರಶ್ನೆ. ಮರುದಿನದ ಪತ್ರಿಕೆಯಲ್ಲಿ ‘ನೀರು ನೋಡಿ ಬಹುಮಾನ’ ಎಂಬ ಸಾಲು ಕಂಡರೆ ಅದು ಕನೆಹಲಗೆಯದು.

ಇಲ್ಲಿ ಸ್ವಲ್ಪ ನಿಲ್ಲಿ. ಹಗ್ಗದ ಓಟದಲ್ಲಿ ನೀವು ಗೆದ್ದರೆ ಪಕ್ಕದವ ಸೋಲಲೇಬೇಕು. ಕನೆಹಲಗೆಯಲ್ಲಿ ನಿಶಾನೆಗೆ ನೀರು ಹಾಯಿಸಿದ ಪ್ರತಿ ಜೊತೆಯೂ ಬಹುಮಾನಕ್ಕೆ ಅರ್ಹ. ಒಬ್ಬನ ಗೆಲುವು ಇನ್ನೊಬ್ಬನ ಸೋಲಾಗಬೇಕಿಲ್ಲ. ಒಂದೇ ಗದ್ದೆಯಲ್ಲಿ, ಒಂದೇ ದಿನ, ನ್ಯಾಯದ ಎರಡು ಕಲ್ಪನೆಗಳು ಹೀಗೆ ಅಕ್ಕಪಕ್ಕ ಇವೆ. ಕನೆಹಲಗೆಯ ಹೊತ್ತಿಗೆ ಚಹಾಕ್ಕೆ ಹೋಗಿಬಿಡುವ ಹೊಸಬರು ಇದನ್ನು ಕಳೆದುಕೊಳ್ಳುತ್ತಾರೆ.

ಗಂತಿನಲ್ಲಿ ಏನು ನೋಡಬೇಕು

ಓಟದ ಕುದುರೆಗೆ ಗೇಟಿನ ಪೆಟ್ಟಿಗೆಯಿದೆ. ಸ್ಪೀಡ್‌ವೇ ಬೈಕಿಗೆ ಟೇಪು ಮೇಲೇಳುವ ಕ್ಷಣವಿದೆ. ಅದಕ್ಕೂ ಮೊದಲು ಅಲುಗಾಡಿ ಟೇಪು ಮುಟ್ಟಿದವನಿಗೆ ದಂಡನೆ. ಕೋಣಕ್ಕೆ ಹೀಗೆ ‘ರೆಡಿ’ ಎಂದು ಹೇಳುವುದು ಹೇಗೆ? ನಾಲ್ಕು ಕೋಣಗಳು ಒಂದೇ ಕ್ಷಣದಲ್ಲಿ ಮುಖ ನೇರ ಮಾಡಿ ನಿಲ್ಲಬೇಕು. ಒಂದು ತಿರುಗುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ, ಮತ್ತೊಂದು ಡೋಲಿನ ಸದ್ದಿಗೆ ಬೆದರುತ್ತದೆ. ಅಷ್ಟರಲ್ಲಿ ಪಕ್ಕದ ಕರೆಯ ಜೊತೆ ನಿಂತು ನಿಂತು ದಣಿಯುತ್ತದೆ.

ಕೋಣ ನಿಜವಾಗಿಯೂ ನಿಲ್ಲುತ್ತಿಲ್ಲವೋ, ಅಥವಾ ಎದುರಾಳಿ ದಣಿಯಲಿ ಎಂದು ನಿಲ್ಲಿಸುತ್ತಿಲ್ಲವೋ? ಕಂಬಳದ ಜಗಳಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಗಂತಿನಲ್ಲಿ ಕೋಣ ಹಿಡಿದು ನಿಂತವರ ಕೈ ನೋಡಿ. ನೊಗದ ಬಳಿ ಒಬ್ಬ, ಮುಂದೆ ಮೂಗುದಾರ ಹಿಡಿದವ ಒಬ್ಬ, ಹಿಂದೆ ಓಟಗಾರ. ಬಿಡುವ ಗಳಿಗೆಯಲ್ಲಿ ಮುಂದಿನವನ ಕೈ ಸಡಿಲವಾಗುವುದು ಓಟಗಾರನ ಮೊದಲ ಹೆಜ್ಜೆಗಿಂತ ಅರೆಕ್ಷಣ ಮೊದಲೋ ಆಮೇಲೋ? ಅಷ್ಟರಲ್ಲೇ ಓಟದ ಹಣೆಬರಹ ಬರೆದಾಗಿರುತ್ತದೆ. ಹಿರಿಯರು ತಲೆಯಾಡಿಸುವುದು ಬಹಳ ಸಲ ಈ ಕ್ಷಣಕ್ಕೇ.

ಗಂತಿನಲ್ಲಾಗುವ ವಿಳಂಬದ ಪರಿಣಾಮ ಬರೀ ಒಂದು ಓಟಕ್ಕೆ ನಿಲ್ಲುವುದಿಲ್ಲ. ನೂರೈವತ್ತಕ್ಕೂ ಹೆಚ್ಚು ಜೊತೆ ಸೇರುವ ಕಂಬಳದಲ್ಲಿ ಪ್ರತಿ ಸಲವೂ ಗಂತಿನಲ್ಲಿ ಕೆಲವು ನಿಮಿಷ ಹೋದರೆ ಶನಿವಾರ ಬೆಳಗ್ಗೆ ಶುರುವಾದದ್ದು ಭಾನುವಾರ ಮಧ್ಯಾಹ್ನ ದಾಟಿದರೂ ಮುಗಿಯದು. ಫೈನಲ್‌ಗೆ ಬರುವ ಕೋಣ ಆಗ ರಾತ್ರಿಯಿಡೀ ಎಚ್ಚರವಿದ್ದ ಕೋಣ. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕು, ಗಂತಿನಲ್ಲಿ ಕಾಯಿಸುವುದಕ್ಕೆ ಮಿತಿ ಬೇಕು ಎಂಬ ಒತ್ತಾಯ ಮತ್ತೆ ಮತ್ತೆ ಏಳುವುದು ಇದಕ್ಕೇ. ಗಡಿಯಾರದ ನಿಯಮ ಎಂದು ಕಾಣುವುದು ವಾಸ್ತವದಲ್ಲಿ ಕೋಣದ ಪರವಾದ ನಿಯಮ.

ಮಂಜೊಟ್ಟಿಯ ಕಣ್ಣು

ಮೊದಲೆಲ್ಲ ಮಂಜೊಟ್ಟಿಯಲ್ಲಿ ಕೂತ ತೀರ್ಪುಗಾರರ ಕಣ್ಣೇ ಅಂತಿಮ. ಕಣ್ಣಿಗೆ ನೀರು ಸಿಡಿಯುತ್ತದೆ, ಮೂಗಿನಷ್ಟರ ವ್ಯತ್ಯಾಸ ಕಾಣದು, ತೀರ್ಪುಗಾರರ ಊರು ಯಾವುದು ಎಂಬ ಗುಸುಗುಸು ಬೇರೆ. ಲೇಸರ್‌ ಕಿರಣದ ವ್ಯವಸ್ಥೆ ಬಂದ ಮೇಲೆ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಂಕಿ ಫಲಕದಲ್ಲಿ ಮೂಡುತ್ತದೆ. ವಿಡಿಯೊ ನೋಡಿ ನಿರ್ಧರಿಸುವ ಕ್ರಮವೂ ಬಂದಿದೆ. ಎರಡೂ ಜೊತೆ ಒಟ್ಟಿಗೆ ಮುಟ್ಟಿದರೆ ಮೈಕಿನಲ್ಲಿ ‘ಸಮ ಸಮ’ ಎಂದು ಕೂಗುತ್ತಾರೆ. ಆ ಕೂಗಿಗೆ ಗದ್ದೆಯ ಸುತ್ತ ಏಳುವ ಕೇಕೆ ಗೆಲುವಿನ ಕೇಕೆಗಿಂತ ಕಡಿಮೆಯೇನಲ್ಲ.

ಯಂತ್ರ ಬಂದದ್ದರಿಂದ ಜಗಳ ಮುಗಿಯಿತೇ? ಇಲ್ಲ, ಜಾಗ ಬದಲಿಸಿತು. ಮಂಜೊಟ್ಟಿಯಲ್ಲಿ ವಾದಕ್ಕೆ ಆಸ್ಪದ ಕಡಿಮೆಯಾದಷ್ಟೂ ಗಂತಿನ ಮೇಲೆ, ಕರೆಯ ಮೇಲೆ ಕಣ್ಣು ಹೆಚ್ಚಾಯಿತು. ಎರಡು ಕರೆಗಳಲ್ಲಿ ನೀರಿನ ಆಳ ಒಂದೇ ಇದೆಯೇ? ನೂರಾರು ಗೊರಸು ತುಳಿದ ಮೇಲೆ ಯಾವ ಕರೆ ಗಟ್ಟಿ, ಯಾವುದು ಕುಸಿಯುತ್ತಿದೆ? ಸಂಜೆಯ ಹೊತ್ತಿಗೆ ಒಂದೇ ಕರೆಯ ಜೊತೆಗಳು ಸಾಲಾಗಿ ಗೆಲ್ಲುತ್ತಿದ್ದರೆ ನಿಮ್ಮ ಪಕ್ಕದವರೂ ಅದನ್ನು ಗಮನಿಸಿರುತ್ತಾರೆ. ಕೇಳಿ ನೋಡಿ, ಅರ್ಧ ಗಂಟೆಯ ಪಾಠ ಪುಕ್ಕಟೆ ಸಿಗುತ್ತದೆ.

9.55ರ ಲೆಕ್ಕ

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.50 ಮೀಟರ್‌ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರ್‌ಗೆ ಭಾಗಿಸಿದರು. 9.55 ಬಂತು. ಉಸೇನ್‌ ಬೋಲ್ಟ್‌ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ದೇಶವೇ ಎದ್ದು ಕೂತಿತು. ಕ್ರೀಡಾ ಸಚಿವರಾಗಿದ್ದ ಕಿರಣ್‌ ರಿಜಿಜು ಟ್ರಯಲ್ಸ್‌ಗೆ ಕರೆದರು, ಗೌಡರು ಒಪ್ಪಲಿಲ್ಲ. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳ ತಾಲ್ಲೂಕಿನ ಬಜಗೋಳಿಯ ನಿಶಾಂತ್‌ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಮತ್ತೆ ಭಾಗಾಕಾರ: 9.51.

ಭಾಗಾಕಾರದಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ಹೋಲಿಕೆ ಮಾತ್ರ ಇಬ್ಬರಿಗೂ ಅನ್ಯಾಯ. ಬೋಲ್ಟ್‌ನನ್ನು ಎಳೆಯಲು ಮುಂದೆ ಏನೂ ಇರಲಿಲ್ಲ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್‌ ದಾಟಿದರೂ ಅಥ್ಲೆಟಿಕ್ಸ್‌ನಲ್ಲಿ ದಾಖಲೆ ಊರ್ಜಿತವಲ್ಲ. ಇಲ್ಲಿ ಕಟ್ಟುಮಸ್ತಾದ ಎರಡು ಕೋಣಗಳ ಬಲ ಕೈಗೆ ಕಟ್ಟಿದೆ. ಅದೇ ಹೊತ್ತಿಗೆ ಬೋಲ್ಟ್‌ನ ಕಾಲಡಿ ಕೆಸರೂ ಇರಲಿಲ್ಲ, ಮುಖಕ್ಕೆ ನೀರೂ ಎರಚುತ್ತಿರಲಿಲ್ಲ. ಗೆದ್ದದ್ದರಲ್ಲಿ ಕೋಣಗಳ ಪಾಲು ದೊಡ್ಡದು, ಕಂಬಳದಲ್ಲಿ ಹಿಮ್ಮಡಿಯೂರಿ ಓಡುತ್ತೇವೆ, ಟ್ರ್ಯಾಕಿನ ಓಟವೇ ಬೇರೆ ಎಂದು ಸ್ವತಃ ಗೌಡರೇ ಹೇಳಿದ್ದರು. ಮಾಧ್ಯಮಗಳ ಗದ್ದಲದಲ್ಲಿ ಅತ್ಯಂತ ನ್ಯಾಯವಾದ ಮಾತು ಬಂದದ್ದು ಓಟಗಾರನ ಬಾಯಿಂದ.

ಇನ್ನೂ ಒಂದು: ಒಂದು ಊರಿನ ಕರೆಯ ಉದ್ದ ಇನ್ನೊಂದು ಊರಿನದಲ್ಲ. ಗದ್ದೆ ಇದ್ದಷ್ಟು ಕರೆ. ನೀರು, ಕೆಸರು, ಇಳಿಜಾರು ಎಲ್ಲವೂ ಬೇರೆ. ಹಾಗಾಗಿ ‘ದಾಖಲೆ’ ಎಂಬ ಮಾತು ಕೇಳಿದಾಗ ಯಾವ ಕರೆ, ಯಾವ ವಿಭಾಗ, ಯಾವ ಸುತ್ತು ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎಲ್ಲ ಕರೆಗಳನ್ನೂ ಒಂದೇ ಅಳತೆಗೆ ತರಬೇಕು ಎಂದು ವಾದಿಸುವವರಿದ್ದಾರೆ. ನನಗೆ ಅದು ಬೇಡ. ಒಂದು ಕಂಬಳದೊಳಗೆ ಎರಡು ಕರೆ ಸಮವಿರಬೇಕು, ಅದು ನ್ಯಾಯ. ಮಿಯಾರು ಮತ್ತು ಕಟಪಾಡಿ ಸಮವಿರಬೇಕಿಲ್ಲ.

ಬೆತ್ತದ ಪ್ರಶ್ನೆ

ಕಂಬಳದ ಅತಿ ದೊಡ್ಡ ವಾದ ಗದ್ದೆಯಲ್ಲಲ್ಲ, ಕೋರ್ಟಿನಲ್ಲಿ ನಡೆಯಿತು. ಜಲ್ಲಿಕಟ್ಟು ಕುರಿತ 2014ರ ಮೇ ತಿಂಗಳ ಸುಪ್ರೀಂ ಕೋರ್ಟ್‌ ತೀರ್ಪಿನ ಬೆನ್ನಿಗೆ, 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್‌ ಕಂಬಳಕ್ಕೆ ತಡೆ ನೀಡಿತು. 2017ರಲ್ಲಿ ರಾಜ್ಯ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು.

ಕಾನೂನು ಉಳಿಸಿಕೊಟ್ಟದ್ದು ಷರತ್ತಿನ ಮೇಲೆ: ಕೋಣಕ್ಕೆ ಅನಗತ್ಯ ನೋವಾಗಬಾರದು. ರಸಿಕನಾದವ ಇದನ್ನು ಆಯೋಜಕರ ತಲೆನೋವು ಎಂದು ಬಿಟ್ಟುಬಿಡಬಾರದು. ಓಟಗಾರನ ಬಲಗೈ ನೋಡಿ. ಚೆನ್ನಾಗಿ ಪಳಗಿದ ಜೊತೆಗೆ ಕೂಗು ಸಾಕು, ಬೆತ್ತ ಗಾಳಿಯಲ್ಲೇ ಆಡುತ್ತದೆ. ಕೋಣ ಓಡಲು ಒಪ್ಪದಿದ್ದಾಗ ಬೆತ್ತ ಬೆನ್ನಿಗಿಳಿಯುತ್ತದೆ. ಹೊಡೆದು ಗೆದ್ದ ಓಟಕ್ಕೆ ಚಪ್ಪಾಳೆ ಕಡಿಮೆಯಾದರೆ ಕೋಣಗಳ ಯಜಮಾನರಿಗೂ ಅರ್ಥವಾಗುತ್ತದೆ. ನೋಡುವವರ ಕೈಯಲ್ಲಿರುವ ನಿಯಮ ಅದೊಂದೇ, ಅದನ್ನು ಬಳಸಿ.

ಕಲಿಸಿ ತಿದ್ದುವ ದಾರಿಯೂ ಇದೆ. ಪ್ರೊ. ಕೆ. ಗುಣಪಾಲ ಕಡಂಬರು ಕಟ್ಟಿದ ಕಂಬಳ ಅಕಾಡೆಮಿ 2011ರಿಂದ ಹುಡುಗರಿಗೆ ಓಟದ ಜೊತೆ ಶಿಸ್ತನ್ನೂ ಕಲಿಸುತ್ತ ಬಂದಿದೆ. ಶ್ರೀನಿವಾಸ ಗೌಡರು ಅಲ್ಲಿಂದಲೇ ಬಂದವರು.

ಕರೆಯ ಹೊರಗಿನ ನ್ಯಾಯ

ಫಲಿತಾಂಶದ ಪಟ್ಟಿಯಲ್ಲಿ ಮೊದಲು ಬರುವುದು ಯಜಮಾನರ ಊರು, ಹೆಸರು. ಒಂದಕ್ಕಿಂತ ಹೆಚ್ಚು ಜೊತೆ ಇದ್ದರೆ ‘ಎ’, ‘ಬಿ’ ಎಂಬ ಗುರುತು. ಆಮೇಲೆ ‘ಓಡಿಸಿದವರು’ ಎಂದು ಓಟಗಾರನ ಹೆಸರು. ಕೋಣ ಸಾಕಲು ವರ್ಷವಿಡೀ ಹುರುಳಿ, ಎಣ್ಣೆ, ಆಳುಕಾಳು ಎಂದು ಖರ್ಚು ಮಾಡುವವರು ಯಜಮಾನರು, ಸರಿ. ಆದರೆ ಕೆಸರಿನಲ್ಲಿ ಮೊಣಕಾಲು ಪಣಕ್ಕಿಡುವವನ ಪಾಲೆಷ್ಟು, ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಕಂಬಳದ ನ್ಯಾಯದ ಪ್ರಶ್ನೆಯೇ. ಒಬ್ಬನೇ ಓಟಗಾರ ಒಂದೇ ದಿನ ಹಲವು ಯಜಮಾನರ ಕೋಣಗಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಓಡಿಸುತ್ತಾನೆ. ನಾಲ್ಕನೇ ಓಟಕ್ಕೆ ಅವನ ಕಾಲು ಸೋತಿದ್ದರೆ ನಷ್ಟ ಕೋಣಕ್ಕೋ, ಯಜಮಾನರಿಗೋ?

ಹಳೆಯ ಕಂಬಳಗಳ ಸುತ್ತ ಕೊರಗ ಸಮುದಾಯವನ್ನು ಡೋಲು ಬಡಿಯಲು, ಚಾಕರಿಗೆ, ಅವಮಾನಕ್ಕೆ ಬಳಸಿಕೊಂಡ ಇತಿಹಾಸವನ್ನೂ ಮರೆಯುವಂತಿಲ್ಲ. ಕೊರಗರನ್ನು ಹೀಗೆ ಬಳಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 2000ದಲ್ಲಿ ತಂದಿತು. ಸಂಪ್ರದಾಯದ ಹೆಸರಿನಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದು ಕಂಬಳದಲ್ಲಿ ಹೊಸ ಪ್ರಶ್ನೆಯೇನಲ್ಲ.

ಹೊರಡುವ ಮೊದಲು

ನವೆಂಬರಿನಿಂದ ಮಾರ್ಚ್‌ ಏಪ್ರಿಲ್‌ವರೆಗೆ ವಾರಾಂತ್ಯಗಳಲ್ಲಿ ಕಂಬಳ. ಋತುವಿನ ಪಟ್ಟಿ ಪತ್ರಿಕೆಗಳಲ್ಲಿ ಮೊದಲೇ ಬರುತ್ತದೆ. ಉಡುಪಿಯಿಂದ ಕಟಪಾಡಿಗೆ ಹೆದ್ದಾರಿಯಲ್ಲಿ ಬಸ್ಸು ಹತ್ತಿದರೆ ಆಯಿತು. ಮಣಿಪಾಲದಿಂದ ಮಿಯಾರಿಗೆ ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳದ ಮೂಲಕ ಹೋಗಿ. ಬಿಳಿ ಬಟ್ಟೆ ಬೇಡ. ಶನಿವಾರ ಮಧ್ಯಾಹ್ನ ಹೋಗಿ ಕನೆಹಲಗೆ ನೋಡಿ. ಸಂಜೆ ಗಂತಿನ ಬಳಿ ನಿಲ್ಲಿ, ಆದರೆ ಹಗ್ಗ ಕಟ್ಟಿದ ಗಡಿ ದಾಟಬೇಡಿ: ಬೆದರಿದ ಕೋಣಕ್ಕೆ ಪ್ರೇಕ್ಷಕ ಯಾರೆಂದು ಗೊತ್ತಾಗದು. ಸಾಧ್ಯವಾದರೆ ರಾತ್ರಿ ಹೊನಲು ಬೆಳಕಿನ ಸೆಮಿಫೈನಲ್‌ವರೆಗೆ ಇರಿ. ಮಂಜೊಟ್ಟಿಗೆ ಆಗ ಹೋದರೆ ಸಾಕು. ಕಾಮೆಂಟ್ರಿ ಬಹುಪಾಲು ತುಳುವಿನಲ್ಲಿ. ಅರ್ಥವಾಗದಿದ್ದರೆ ಪಕ್ಕದವರನ್ನು ‘ಅಣ್ಣ, ಏನಂದರು?’ ಎಂದು ಕೇಳಿ, ಬೇಸರಪಡುವವರು ಕಡಿಮೆ.

ಒಂದು ಪಕ್ಷ ಹಿಡಿಯಲು ಹಿಂಜರಿಯಬೇಡಿ. ತೀರ್ಪು ತಪ್ಪೆನಿಸಿದರೆ ತಪ್ಪೆನ್ನಿ, ಆದರೆ ಗಂತಿನಲ್ಲಿ ಕಂಡದ್ದನ್ನು ಮುಂದಿಟ್ಟು ಹೇಳಿ. ಬರೀ ಮಂಜೊಟ್ಟಿ ನೋಡಿದವನ ವಾದವನ್ನು ಈ ಊರುಗಳಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.