ನವಮಂಗಳೂರು ಬಂದರು: ಹೂಳಿನ ಹೊಣೆ

ಮಂಗಳೂರಿನಲ್ಲಿ ಹಡಗಿನಿಂದ ಇಳಿದ ಅಡುಗೆ ಅನಿಲವು ಹಾಸನವನ್ನು ಹಾಯ್ದು ಕೊಳವೆಮಾರ್ಗದಲ್ಲಿ ಮೈಸೂರನ್ನು ಮುಟ್ಟುವ ಈ ಕಾಲದಲ್ಲಿ, ಅಲ್ಲಿನ ಗೋಕುಲಂ ಬಡಾವಣೆಯ ಒಲೆಗೂ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿನ ಧಕ್ಕೆಗೂ ಇರುವ ನಂಟು ದೂರದ್ದೇನಲ್ಲ. ಆದುದರಿಂದ ಆ ಬಂದರಿನ ನಿರ್ವಹಣೆಯ ಗುಣದೋಷಗಳ ವಿವೇಚನೆಯು ಕರಾವಳಿಯವರಿಗೆ ಮಾತ್ರ ಸಂಬಂಧಿಸಿದುದೆಂದು ಘಟ್ಟದ ಮೇಲಿನವರಾದ ನಾವು ಸುಮ್ಮನಿರಲಾಗದು.

ಯು. ಶ್ರೀನಿವಾಸ ಮಲ್ಯರಂತಹ ದೂರದರ್ಶಿಗಳ ಅವಿರತ ಪ್ರಯತ್ನದ ಫಲವಾಗಿ ರೂಪುಗೊಂಡು, 1974ರ ಮೇ 4ರಂದು ಮಹಾಬಂದರೆಂಬ ಮನ್ನಣೆ ಪಡೆದ ಈ ನಿಲ್ದಾಣವು ಪ್ರಕೃತಿದತ್ತವಾದುದಲ್ಲ. ನೆಲವನ್ನು ಅಗೆದು ನಿರ್ಮಿಸಿದ ಕೃತಕ ಕೊಳವದು. ಮುಂಗಾರಿನ ತೆರೆಗಳು ಕಡಲತಳದ ಕೆಸರನ್ನು ಕಲಕಿ, ಸುಮಾರು 7.5 ಕಿಲೋಮೀಟರ್ ಉದ್ದದ ಹಡಗುದಾರಿಯೊಳಗೆ ತಂದು ತುಂಬುತ್ತವೆ. ಮಳೆ ಹಿಂಜರಿದೊಡನೆ ಹೂಳೆತ್ತುವ ಹಡಗುಗಳು ಕೆಲಸಕ್ಕಿಳಿಯುತ್ತವೆ. ಎತ್ತಿದುದನ್ನು ಕಡಲಿನ ಗೊತ್ತಾದ ತಾಣಕ್ಕೊಯ್ದು ಸುರಿಯುತ್ತವೆ. ಹೀಗೆ ಸುರಿದ ಕೆಸರು ತಳದ ಜೀವರಾಶಿಯನ್ನು ಮುಚ್ಚುತ್ತದೆ, ನೀರನ್ನು ಕದಡುತ್ತದೆ. ಅದರ ಪರಿಣಾಮವನ್ನು ಮೊದಲು ಅರಿಯುವವರು ಬಲೆ ಬೀಸುವ ಮೊಗವೀರರು.

ಬಂದರಿನ ಭಾರವು ಅದರ ಆವರಣಕ್ಕೆ ಸೀಮಿತವಲ್ಲವೆಂಬುದನ್ನು ಕುದುರೆಮುಖದ ಕಬ್ಬಿಣದ ಗಣಿಯು ನಮಗೆ ಆಗಲೇ ಕಲಿಸಿದೆ. ಅಲ್ಲಿಂದ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಹರಿದುಬಂದ ಅದಿರು ಪಣಂಬೂರಿನ ವೈಭವವನ್ನು ಹೆಚ್ಚಿಸುತ್ತಿದ್ದಾಗ, ಭದ್ರಾ ನದಿಯ ಒಡಲಿಗೆ ಗಣಿಯ ಹೂಳು ಸೇರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಆ ನಷ್ಟವು ಬಂದರಿನ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣಿಸಿಕೊಂಡಿರಲಿಲ್ಲ.

ಇಂದು ಬಂದರು ಸೌರವಿದ್ಯುತ್ತನ್ನು ಅವಲಂಬಿಸಿರುವುದು ನಿಸ್ಸಂದೇಹವಾಗಿ ಶ್ಲಾಘನೀಯ. ಆದರೆ ಕಚ್ಚಾತೈಲ ಮತ್ತು ಕಲ್ಲಿದ್ದಲುಗಳೇ ಮುಖ್ಯ ಸರಕಾಗಿರುವ ಕಡೆ, ಕಚೇರಿಯ ದೀಪ ಯಾವ ಶಕ್ತಿಯಿಂದ ಉರಿಯುತ್ತದೆ ಎಂಬುದೊಂದೇ ಸುಸ್ಥಿರತೆಯ ಒರೆಗಲ್ಲಾಗಲಾರದು. ಉತ್ತರದ ಚಿತ್ರಾಪುರ, ಮೀನಕಳಿಯಗಳ ಜನ ಕಡಲ್ಕೊರೆತಕ್ಕೆ ಅಂಜಿ ಬಾಳುತ್ತಿರುವಾಗ, ಅಲೆತಡೆಗೋಡೆಗಳು ಮರಳಿನ ಸಹಜ ಚಲನೆಯ ಮೇಲೆ ಬೀರುವ ಪ್ರಭಾವವನ್ನು ಅಳೆಯುವುದೂ, ಎತ್ತಿದ ಹೂಳಿನಲ್ಲಿ ಶುದ್ಧ ಮರಳು ದೊರೆತಷ್ಟನ್ನು ಸವೆದ ದಡಕ್ಕೆ ಹಿಂದಿರುಗಿಸುವುದೂ ಬಂದರಿನ ಧರ್ಮವೇ ಆಗಿದೆ. ಕಲ್ಲು ಸುರಿದು ಒಂದು ಊರನ್ನು ಕಾಯುವ ಉಪಾಯವು ಅನೇಕ ವೇಳೆ ಕೊರೆತವನ್ನು ಪಕ್ಕದ ಊರಿಗೆ ದಾಟಿಸುತ್ತದೆಯಷ್ಟೆ.

ಎಷ್ಟು ಟನ್ ಸರಕು ಸಾಗಿತೆಂಬ ವಾರ್ಷಿಕ ಲೆಕ್ಕದ ಜೊತೆಗೇ, ಎಷ್ಟು ಹೂಳೆತ್ತಲಾಯಿತು, ಅದು ಎಲ್ಲಿಗೆ ಹೋಯಿತು, ದಡವು ಎಷ್ಟು ಸರಿಯಿತು ಎಂಬ ಲೆಕ್ಕವನ್ನೂ ಮೊಗವೀರರ ಗ್ರಾಮಸಭೆಗಳ ಮುಂದೆ ಕನ್ನಡದಲ್ಲಿ ಓದಿ ಹೇಳುವ ಪದ್ಧತಿ ಬರಬೇಕು. ಆ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಬಲ್ಲ ಆಡಳಿತವನ್ನು ಮಾತ್ರ ಸುಸ್ಥಿರವೆಂದು ಕರೆಯುವುದು ನ್ಯಾಯ.